ಚಂದ್ರನ ಮಣ್ಣಿನ ವರದಿ, ನಲ್ಲಿಯ ನೀರಿನ ವರದಿ

2023ರ ಜುಲೈ 31 ಮುಗಿದು ಆಗಸ್ಟ್ 1 ಹುಟ್ಟಿದ ನಡುರಾತ್ರಿ. ಎರಡು ವಾರಗಳಿಂದ ಭೂಮಿಯನ್ನು ಸುತ್ತುತ್ತಿದ್ದ ಚಂದ್ರಯಾನ–3 ಎಂಜಿನ್ ಹೊತ್ತಿಸಿಕೊಂಡು ಚಂದ್ರನ ದಾರಿ ಹಿಡಿಯಿತು. ಬೆಂಗಳೂರಿನ ಇಸ್ರೊ ನಿಯಂತ್ರಣ ಕೇಂದ್ರದಲ್ಲಿ ಆ ಹೊತ್ತಿನಲ್ಲಿ ಯಾರೂ ಕಣ್ಣು ಮುಚ್ಚಿರಲಿಲ್ಲ. ಚಿತ್ರದುರ್ಗ ನಗರದ ಅಂಚಿನ ಕವಾಡಿಗರಹಟ್ಟಿಯಲ್ಲೂ ಆ ದಿನಗಳಲ್ಲಿ ನಿದ್ದೆ ಇರಲಿಲ್ಲ. ನಲ್ಲಿಯಲ್ಲಿ ಬಂದ ನೀರು ಕುಡಿದವರಿಗೆ ವಾಂತಿ, ಭೇದಿ ಶುರುವಾಗಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಅದು ಹಬ್ಬಿತು. ದಲಿತ ಕುಟುಂಬಗಳೇ ಹೆಚ್ಚಾಗಿರುವ ಆ ಹಟ್ಟಿಯಿಂದ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆಗಸ್ಟ್ 1ರಂದು ಮೊದಲ ಸಾವು, ಆಮೇಲೆ ಮತ್ತಷ್ಟು ಸಾವು.

ಮೂರು ವಾರ ಕಳೆದು ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಕಾಲೂರಿತು. ಇಸ್ರೊದ ಯೂಟ್ಯೂಬ್ ನೇರಪ್ರಸಾರವೊಂದನ್ನೇ ಆ ಕ್ಷಣದಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡುತ್ತಿದ್ದರು. ಶಾಲೆಗಳಲ್ಲಿ ಪರದೆ ಕಟ್ಟಿ ಮಕ್ಕಳನ್ನು ಕೂರಿಸಲಾಗಿತ್ತು. ದೇವಸ್ಥಾನಗಳಲ್ಲಿ ಪೂಜೆ, ವೃತ್ತಗಳಲ್ಲಿ ಪಟಾಕಿ. ಆ ಹೊತ್ತಿಗೆ ಕವಾಡಿಗರಹಟ್ಟಿಯ ಸುದ್ದಿ ಪತ್ರಿಕೆಗಳ ಒಳಪುಟಕ್ಕೆ ಸರಿದು, ಅಲ್ಲಿಂದಲೂ ಜಾರಿತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟೊಡನೆ ಒಂದು ಮಾತು ತಾನಾಗಿ ಬಾಯಿಗೆ ಬರುತ್ತದೆ: ಕುಡಿಯುವ ನೀರು ಕೊಡಲಾಗದ ದೇಶಕ್ಕೆ ಚಂದ್ರ ಯಾಕೆ? ಅರಳಿಕಟ್ಟೆಯಿಂದ ವಿಧಾನಸೌಧದವರೆಗೆ ಈ ಪ್ರಶ್ನೆ ಕೇಳಿಬರುತ್ತದೆ. ಕೇಳುವವರ ಸಿಟ್ಟು ನ್ಯಾಯವಾದದ್ದು. ಆದರೆ ಪ್ರಶ್ನೆ ಹಾಗೆಯೇ ಉಳಿದರೆ ತಪ್ಪಿತಸ್ಥರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ. ಸಿರಿಗೆರೆ, ಭರಮಸಾಗರ, ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಸೀಮೆಯ ಮಟ್ಟಿಗೆ ಇದು ಬಿಡಿಸಿ ನೋಡಲೇಬೇಕಾದ ಪ್ರಶ್ನೆ. ನೀರಿಗೆ ಬರ ಇರುವ ಜಿಲ್ಲೆ ಇದು. ಇಸ್ರೊ ತನ್ನ ರೆಕ್ಕೆಯ ವಾಹನವನ್ನು ಇಳಿಸಿ ನೋಡುವ ಓಡುದಾರಿ ಇರುವ ಜಿಲ್ಲೆಯೂ ಇದೇ.

ಪ್ರಶ್ನೆ ಹೊಸದಲ್ಲ. 1969ರ ಜುಲೈ 15ರಂದು, ಅಪೊಲೊ–11 ಹೊರಡುವ ಹಿಂದಿನ ದಿನ, ಅಮೆರಿಕದ ಕರಿಯರ ಹಕ್ಕಿನ ಹೋರಾಟಗಾರ ರೆವರೆಂಡ್ ರಾಲ್ಫ್ ಅಬರ್ನಥಿ ಬಡ ಕುಟುಂಬಗಳನ್ನು ಕರೆದುಕೊಂಡು, ಹೇಸರಗತ್ತೆಗಳ ಬಂಡಿಯ ಸಮೇತ ಉಡಾವಣಾ ಕೇಂದ್ರದ ಬಳಿಗೆ ಬಂದರು. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು ಅವರ ಮಾತು ಕೇಳಿದರು. ಉಡಾವಣೆಯ ಗುಂಡಿ ಒತ್ತದೆ ಬಿಟ್ಟರೆ ಬಡತನ ಹೋಗುವುದಾದರೆ ತಾವು ಒತ್ತುವುದೇ ಇಲ್ಲ ಎಂಬರ್ಥದಲ್ಲಿ ಉತ್ತರಿಸಿದರು. ಅಬರ್ನಥಿ ಅವರೂ ಗಗನಯಾತ್ರಿಗಳಿಗೆ ಶುಭ ಕೋರಿದರು. ರಾಕೆಟ್ ಹಾರಿತು. ಹಸಿವು ಇದ್ದಲ್ಲೇ ಇತ್ತು. ಪೇನ್ ಅವರ ಉತ್ತರ ಸುಳ್ಳಲ್ಲ, ಸಾಕಾಗುವಂಥದ್ದೂ ಅಲ್ಲ. ಗುಂಡಿ ಒತ್ತುವುದನ್ನು ನಿಲ್ಲಿಸಿದರೆ ಬಡತನ ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ, ಬಡತನ ಹೋಗಲು ಯಾವ ಗುಂಡಿ ಒತ್ತಬೇಕು ಎಂಬುದನ್ನು ಯಾರೂ ಅಷ್ಟೇ ಗಂಭೀರವಾಗಿ ಹುಡುಕಲಿಲ್ಲ.

ದುಡ್ಡಿನ ಲೆಕ್ಕವನ್ನು ಮೊದಲು ಮುಗಿಸಿಬಿಡಬಹುದು. ಚಂದ್ರಯಾನ–3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. 2023–24ರ ಕೇಂದ್ರ ಬಜೆಟ್ಟಿನ ಗಾತ್ರ 45 ಲಕ್ಷ ಕೋಟಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಸಿಕ್ಕಿದ್ದು ಸುಮಾರು 12,544 ಕೋಟಿ, ಎಂದರೆ ನೂರು ರೂಪಾಯಿಯಲ್ಲಿ 28 ಪೈಸೆ. ಅದೇ ಬಜೆಟ್ಟಿನಲ್ಲಿ ಮನೆಮನೆಗೆ ನಲ್ಲಿ ಹಾಕಿಸುವ ಜಲಜೀವನ್ ಮಿಷನ್ನಿಗೆ 70,000 ಕೋಟಿ ಇಟ್ಟಿದ್ದರು. ಚಿತ್ರದುರ್ಗದ ಜನ ಕಾಯುತ್ತ ಕೂತಿರುವ ಭದ್ರಾ ಮೇಲ್ದಂಡೆ ಯೋಜನೆಯ ಪರಿಷ್ಕೃತ ಅಂದಾಜು 21,473 ಕೋಟಿ. ಅಷ್ಟು ದುಡ್ಡಿನಲ್ಲಿ ಮೂವತ್ತನಾಲ್ಕು ಬಾರಿ ಚಂದ್ರನ ಮೇಲೆ ಇಳಿಯಬಹುದು. ಚಂದ್ರಯಾನವನ್ನೇ ಕೈಬಿಟ್ಟಿದ್ದರೂ ಉಳಿದ ದುಡ್ಡು ಭದ್ರೆಯನ್ನು ಹೊಸದುರ್ಗದ ಗಡಿ ದಾಟಿಸುತ್ತಿರಲಿಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಮುಚ್ಚಿಡಬಾರದು. ಮನುಷ್ಯರನ್ನು ಅಂತರಿಕ್ಷಕ್ಕೆ ಕಳಿಸುವ ಗಗನಯಾನಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಮೊತ್ತ ಏರಿಸಿ 20,193 ಕೋಟಿಗೆ ಒಪ್ಪಿಗೆ ಕೊಟ್ಟಿತು. ಅದು ಹೆಚ್ಚುಕಡಿಮೆ ಭದ್ರಾ ಮೇಲ್ದಂಡೆಯ ಅಂದಾಜಿನಷ್ಟೇ. ಇತ್ತ 2023ರ ಫೆಬ್ರುವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ನೆರವು ಘೋಷಿಸಿದ್ದರು. ಆ ಹಣ ಬಾರದಿದ್ದಾಗ ಜಿಲ್ಲೆಯ ರೈತರು ಧರಣಿ ಕೂತರು, ಬಂದ್ ಮಾಡಿದರು. ಹಾಗಾಗಿ ದುಡ್ಡಿಗೆ ಸಂಬಂಧವೇ ಇಲ್ಲ ಎಂದು ಹೇಳಲಾಗದು. ಒಂದು ಘೋಷಣೆಗೆ ಹಣ ಹೇಗೆ ಬರುತ್ತದೆ, ಇನ್ನೊಂದಕ್ಕೆ ಯಾಕೆ ಬರುವುದಿಲ್ಲ ಎಂಬಲ್ಲಿ ನಿಜವಾದ ವಿಷಯ ಇದೆ.

ಅದನ್ನು ತಿಳಿಯಲು 2003ನೇ ಇಸವಿಗೆ ಹೋಗಬೇಕು. ಆ ವರ್ಷದ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಚಂದ್ರಯಾನವನ್ನು ಘೋಷಿಸಿದರು. ಭದ್ರಾ ಮೇಲ್ದಂಡೆ ಯೋಜನೆಗೆ ಕರ್ನಾಟಕ ಸರ್ಕಾರ ಮೊದಲ ಆಡಳಿತಾತ್ಮಕ ಒಪ್ಪಿಗೆ ಕೊಟ್ಟದ್ದೂ 2003ರಲ್ಲೇ, ಆಗ ಅಂದಾಜು 2,813 ಕೋಟಿ. ಒಂದೇ ವರ್ಷ ಹುಟ್ಟಿದ ಎರಡು ಕನಸು. ತುಂಗೆಯಿಂದ 17.4 ಟಿಎಂಸಿ ಅಡಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ 29.9 ಟಿಎಂಸಿ ಅಡಿಯನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಒಣಭೂಮಿಗೆ ಹರಿಸುವುದು, 367 ಕೆರೆ ತುಂಬಿಸುವುದು, 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಕೊಡುವುದು — ಇದು ನೀರಿನ ಕನಸು. ಚಂದ್ರನ ಕನಸು 2008ರ ಅಕ್ಟೋಬರ್ 22ರಂದು ಹಾರಿತು. ಚಂದ್ರನ ನೆಲದಲ್ಲಿ ನೀರಿನ ಅಣುಗಳಿವೆ ಎಂಬ ಸುದ್ದಿ 2009ರಲ್ಲಿ ಅದೇ ಚಂದ್ರಯಾನ–1ರ ಉಪಕರಣದಿಂದ ಲೋಕಕ್ಕೆ ತಿಳಿಯಿತು. 2019ರಲ್ಲಿ ಎರಡನೆಯದು, 2023ರಲ್ಲಿ ಮೂರನೆಯದು. ಅಷ್ಟರಲ್ಲಿ ಭದ್ರಾ ಮೇಲ್ದಂಡೆಯ ಅಂದಾಜು 5,985 ಕೋಟಿಯಾಗಿ, 12,340 ಕೋಟಿಯಾಗಿ, 21,473 ಕೋಟಿಯಾಗಿ ಬೆಳೆಯಿತು. ಅಜ್ಜಂಪುರದ ಬಳಿ ಸುರಂಗ ಕೊರೆದಾಗಿತ್ತು. 2019ರಿಂದ ಭದ್ರೆಯ ನೀರು ವಾಣಿವಿಲಾಸ ಸಾಗರಕ್ಕೆ ಹರಿಯತೊಡಗಿತ್ತು. ಅದು ಸಣ್ಣ ಸಾಧನೆಯಲ್ಲ. ಆದರೆ ಚಿತ್ರದುರ್ಗದ ಕಡೆಗಿನ ಮುಖ್ಯ ಕಾಲುವೆ ಚಿಕ್ಕಮಗಳೂರು ಜಿಲ್ಲೆಯ ಅಬ್ಬಿನಹೊಳಲು ಬಳಿ ಎರಡು ಕಿಲೋಮೀಟರಿಗೂ ಕಡಿಮೆ ಉದ್ದದ ಜಾಗದಲ್ಲಿ ಭೂಸ್ವಾಧೀನದ ತಕರಾರಿಗೆ ಸಿಕ್ಕಿಕೊಂಡು ವರ್ಷಗಟ್ಟಲೆ ನಿಂತಿತು.

ಆ ಎರಡು ಕಿಲೋಮೀಟರಿನಲ್ಲಿ ಇದ್ದವರು ಶತ್ರುಗಳಲ್ಲ, ಪರಿಹಾರ ಸಾಲದು ಎಂದ ರೈತರು. ಅವರ ಜೊತೆ ಕೂತು, ಮಾತಾಡಿ, ಬೆಲೆ ತೀರ್ಮಾನಿಸಿ ಮುಗಿಸಲು ಯಾವ ಕ್ರಯೋಜೆನಿಕ್ ಎಂಜಿನ್ನೂ ಬೇಕಿರಲಿಲ್ಲ. ಅದು ಯಾರ ಕೆಲಸ, ಯಾವ ತಾರೀಖಿನೊಳಗೆ ಆಗಬೇಕು, ಆಗದಿದ್ದರೆ ಯಾರು ಉತ್ತರ ಹೇಳಬೇಕು ಎಂಬುದನ್ನು ಮಾತ್ರ ಗಟ್ಟಿಯಾಗಿ ನಿಗದಿ ಮಾಡಬೇಕಿತ್ತು. ಚಂದ್ರಯಾನಕ್ಕೆ ಈ ಮೂರೂ ಇದ್ದವು.

ಇಸ್ರೊದಿಂದ ಈ ಜಿಲ್ಲೆ ಕೇಳಿ ಪಡೆಯಬೇಕಾದದ್ದು ಅದರ ದುಡ್ಡಿಗಿಂತ ಅದರ ಅಭ್ಯಾಸವನ್ನು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ–2ರ ಲ್ಯಾಂಡರ್ ನೆಲದಿಂದ ಎರಡು ಕಿಲೋಮೀಟರ್ ಎತ್ತರದಲ್ಲಿ ಸಂಪರ್ಕ ಕಡಿದುಕೊಂಡು ಅಪ್ಪಳಿಸಿತು. ಇಡೀ ದೇಶ ನೋಡುತ್ತಿದ್ದಾಗಲೇ ಆದ ಸೋಲು. ಅದನ್ನು ಸಮಿತಿ ಕೂತು ಬಿಡಿಸಿ ನೋಡಿತು. ಐದು ಎಂಜಿನ್‌ಗಳು ಬೇಕಾದ್ದಕ್ಕಿಂತ ಹೆಚ್ಚು ತಳ್ಳಿದ್ದು, ದಿಕ್ಕು ತಿದ್ದಿಕೊಳ್ಳುವ ವೇಗಕ್ಕೆ ತಂತ್ರಾಂಶ ಹಾಕಿದ್ದ ಮಿತಿ, ಇಳಿಯಲು ಗುರುತಿಸಿದ್ದ ಜಾಗ 500 ಮೀಟರ್ ಚದರವಷ್ಟೇ ಇದ್ದದ್ದು — ಇವನ್ನೆಲ್ಲ ಆಗಿನ ಅಧ್ಯಕ್ಷ ಎಸ್. ಸೋಮನಾಥ್ 2023ರಲ್ಲಿ ಸಾರ್ವಜನಿಕವಾಗಿ ಬಿಡಿಸಿ ಹೇಳಿದರು. ಹೊಸ ಲ್ಯಾಂಡರಿಗೆ ಒಂದು ಎಂಜಿನ್ ಕಡಿಮೆ ಮಾಡಿದರು, ಕಾಲು ಬಲಪಡಿಸಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿ, ಕೆಟ್ಟರೂ ಇಳಿಯುವಂತೆ ಯಂತ್ರ ಕಟ್ಟಿದರು.

ಕವಾಡಿಗರಹಟ್ಟಿಯ ನೀರಿಗೆ ಏನಾಯಿತು? ಹಲವು ಅನುಮಾನ ಎದ್ದವು, ಮಾದರಿಗಳು ಪ್ರಯೋಗಾಲಯಕ್ಕೆ ಹೋದವು, ಕೆಲವರ ಅಮಾನತು ಆಯಿತು, ಪರಿಹಾರ ಘೋಷಣೆಯಾಯಿತು. ಇವೆಲ್ಲ ಆಗಬೇಕಾದವೇ. ಆದರೆ ಚಂದ್ರಯಾನ–2ರ ಸೋಲಿನ ಕಾರಣಗಳನ್ನು ಹತ್ತನೇ ತರಗತಿಯ ಹುಡುಗನೂ ಹೇಳಬಲ್ಲ. ಕವಾಡಿಗರಹಟ್ಟಿಯ ಪೈಪಿನೊಳಗೆ ಕೊಳಕು ಎಲ್ಲಿ ಹೊಕ್ಕಿತು, ಯಾವ ಜೋಡಣೆಯಲ್ಲಿ, ಟ್ಯಾಂಕ್ ತೊಳೆದು ಎಷ್ಟು ದಿನವಾಗಿತ್ತು, ಕ್ಲೋರಿನ್ ಹಾಕುವ ಹೊಣೆ ಯಾರದ್ದಾಗಿತ್ತು, ಅದೇ ತಪ್ಪು ಇನ್ನೆಷ್ಟು ಹಟ್ಟಿಗಳಲ್ಲಿ ಕಾಯುತ್ತ ಕೂತಿದೆ ಎಂಬುದನ್ನು ಈ ಜಿಲ್ಲೆಯ ಪದವೀಧರನೂ ಹೇಳಲಾರ. ಸತ್ತವರ ಊರಿನಲ್ಲಿ ಪೈಪು ಬದಲಾಗಬಹುದು. ಪಕ್ಕದ ಊರಿಗೆ ಅದರ ಪಾಠ ತಲುಪುವುದಿಲ್ಲ. ಹೀಗಾಗಿಯೇ ಕಲುಷಿತ ನೀರಿನ ಸುದ್ದಿ ಪ್ರತಿ ಮಳೆಗಾಲ ರಾಜ್ಯದ ಒಂದಲ್ಲ ಒಂದು ಜಿಲ್ಲೆಯಿಂದ ಮರಳಿ ಬರುತ್ತದೆ.

ಹಳ್ಳಿಯ ನೀರುಗಂಟಿ ಈ ವ್ಯವಸ್ಥೆಯ ಕೊನೆಯ ಕೊಂಡಿ. ವಾಲ್ವ್ ತಿರುಗಿಸುವವನು ಅವನು, ಬ್ಲೀಚಿಂಗ್ ಪೌಡರ್ ಕಲಸುವವನು ಅವನು, ಮೋಟಾರು ಸುಟ್ಟರೆ ಬೈಗುಳ ತಿನ್ನುವವನೂ ಅವನೇ. ರಾಕೆಟ್ಟಿನ ಒಂದು ವಾಲ್ವಿಗೆ ನೂರು ಪರೀಕ್ಷೆ ಮಾಡಿ ಸಹಿ ಹಾಕುವ ದೇಶದಲ್ಲಿ, ಸಾವಿರಾರು ಜನ ಕುಡಿಯುವ ನೀರಿನ ವಾಲ್ವನ್ನು ಕಾಯುವವನಿಗೆ ಸರಿಯಾದ ತರಬೇತಿ, ನೆಟ್ಟಗಿನ ಸಂಬಳ ಎರಡೂ ಇರುವುದಿಲ್ಲ. ತಪ್ಪಾದಾಗ ಮೊದಲು ಬೆರಳು ತೋರುವುದು ಅವನ ಕಡೆಗೇ.

ಆಕಾಶದ ಕೆಲಸಕ್ಕೆ ಘಟನೆ ಇದೆ: ಕ್ಷಣಗಣನೆ, ಉಡಾವಣೆ, ಇಳಿಯುವ ಕೊನೆಯ ಹದಿನೈದು ನಿಮಿಷ. ನೋಡುವವರ ಎದೆ ಹೊಡೆದುಕೊಳ್ಳುತ್ತದೆ. ನೀರಿನ ಕೆಲಸದಲ್ಲಿ ಅಂಥದ್ದಿಲ್ಲ. ಎಲ್ಲ ಸರಿಯಾಗಿ ನಡೆದ ದಿನ ಅಲ್ಲಿ ಏನೂ ಆಗುವುದಿಲ್ಲ, ಯಾರಿಗೂ ಭೇದಿಯಾಗುವುದಿಲ್ಲ ಅಷ್ಟೆ. ಅದನ್ನು ನೇರಪ್ರಸಾರ ಮಾಡಲು ಬರುವುದಿಲ್ಲ. ಇನ್ನು ಫ್ಲೋರೈಡಿನಂಥ ವಿಷವಾದರೆ ಅದಕ್ಕೆ ಸಾವಿನ ಘಟನೆಯೂ ಇಲ್ಲ. ಚಿತ್ರದುರ್ಗ ಸೀಮೆಯ ಬಂಡೆಯೊಳಗಿನ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಬೋರು ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕೂತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ದಾಟಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಕಾಣಿಸಿಕೊಳ್ಳುತ್ತದೆ. ವರ್ಷಗಳು ಉರುಳಿದಂತೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಇಪ್ಪತ್ತು ವರ್ಷ ಹಿಡಿಯುವ ಅನಾಹುತವನ್ನು ಯಾವ ಕ್ಯಾಮೆರಾ ಕಾಯುತ್ತದೆ?

ಚಂದ್ರನ ಮೇಲೆ ಇಳಿದ ನಂತರ ವಿಕ್ರಮ್ ಲ್ಯಾಂಡರ್ ಮತ್ತು ಅದರ ರೋವರ್ ಪ್ರಜ್ಞಾನ್ ಮಾಡಿದ ಕೆಲಸವನ್ನು ಇಲ್ಲಿ ನೆನೆಯಬೇಕು. ಆಗಸ್ಟ್ 27ಕ್ಕೆ ಚಂದ್ರನ ಮೇಲ್ಮಣ್ಣಿನ ಉಷ್ಣತೆ ಆಳಕ್ಕೆ ಹೋದಂತೆ ಹೇಗೆ ಇಳಿಯುತ್ತದೆ ಎಂಬ ನಕ್ಷೆ ಬಂತು. ಎರಡು ದಿನದಲ್ಲಿ, ಆ ಮಣ್ಣಿನಲ್ಲಿ ಗಂಧಕ ಇದೆ ಎಂಬ ವರದಿ ಬಂತು. ಭೂಮಿಯ ಯಾವ ಮೂಲೆಯ ಯಾರು ಬೇಕಾದರೂ ಅದನ್ನು ಓದಬಹುದಿತ್ತು. ಚಂದ್ರನ ಹತ್ತು ಸೆಂಟಿಮೀಟರ್ ಮಣ್ಣಿನ ವಿಷಯ ಒಂದೇ ವಾರದಲ್ಲಿ ಇಷ್ಟು ತೆರೆದುಕೊಳ್ಳುವುದಾದರೆ, ಒಂದು ಗ್ರಾಮ ಪಂಚಾಯಿತಿಯ ಬೋರುಗಳ ಫ್ಲೋರೈಡ್ ಪ್ರಮಾಣ ಆ ಪಂಚಾಯಿತಿಯ ಗೋಡೆಯ ಮೇಲೆ ಬರೆದಿರಬೇಕು ಎಂದು ಕೇಳುವುದು ಅತಿಯಾಸೆಯಲ್ಲ.

ಬಾಹ್ಯಾಕಾಶದ ಕೆಲಸ ಶುರುವಾದದ್ದೇ ಹಳ್ಳಿಯ ಕಡೆ ಮುಖ ಮಾಡಿ ಎಂಬುದನ್ನು ಇವತ್ತಿನ ಸಂಭ್ರಮ ಮರೆತಿದೆ. ಅದನ್ನು ಶುರು ಮಾಡಿದ ವಿಕ್ರಮ್ ಸಾರಾಭಾಯಿ ಅವರಿಗೆ ಚಂದ್ರನ ಮೇಲೆ ಪೈಪೋಟಿಗೆ ಇಳಿಯುವ ಹಂಬಲ ಇರಲಿಲ್ಲ. ಬಡ ದೇಶದ ನಿಜವಾದ ತೊಂದರೆಗಳಿಗೆ ಈ ತಂತ್ರಜ್ಞಾನ ಬಳಸುವುದರಲ್ಲಿ ಯಾರಿಗೂ ಹಿಂದೆ ಬೀಳಬಾರದು ಎಂಬುದು ಅವರ ಪಟ್ಟು. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಹಾರಿತು. ಅದೇ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನ ಬಂತು. ಆ ಆರರಲ್ಲಿ ಕರ್ನಾಟಕವೂ ಒಂದು. ಕಂಡೇ ಇರದ ಪೆಟ್ಟಿಗೆಯ ಮುಂದೆ ಜನ ಕನ್ನಡದಲ್ಲಿ ಬೇಸಾಯ, ಆರೋಗ್ಯ, ಶುಚಿತ್ವದ ಕಾರ್ಯಕ್ರಮ ನೋಡಿದರು. ಬೆರಗೂ ಇತ್ತು, ಬಳಕೆಯೂ ಇತ್ತು. 1988ರಲ್ಲಿ ಐಆರ್‌ಎಸ್–1ಎ ಹಾರಿದ ಮೇಲೆ ಉಪಗ್ರಹದ ಚಿತ್ರಗಳನ್ನು ಓದಿ ಅಂತರ್ಜಲ ಎಲ್ಲಿ ಸಿಗಬಹುದು ಎಂಬ ನಕ್ಷೆಗಳನ್ನು ವಿಜ್ಞಾನಿಗಳು ತಯಾರಿಸಿದರು. ಇಂಗುಗುಂಡಿ ಎಲ್ಲಿ ತೆಗೆಯಬೇಕು, ಚೆಕ್‌ಡ್ಯಾಂ ಎಲ್ಲಿ ಕಟ್ಟಬೇಕು ಎಂದು ಆ ನಕ್ಷೆಗಳೇ ಹೇಳುತ್ತವೆ. ಆದರೂ ಹೊಳಲ್ಕೆರೆ, ಹೊಸದುರ್ಗ ಕಡೆಯ ಅಡಿಕೆ ಬೆಳೆಗಾರ ಬೋರು ಕೊರೆಸುವ ಮುನ್ನ ಹುಡುಕುವುದು ತೆಂಗಿನಕಾಯಿ ಹಿಡಿದು ನೀರಿನ ಜಾಗ ತೋರಿಸುವವರನ್ನು. ಆತನನ್ನು ಹಳಿದು ಉಪಯೋಗವಿಲ್ಲ. ಬಾಹ್ಯಾಕಾಶದಿಂದ ತಯಾರಾದ ನಕ್ಷೆ ಅವನ ತೋಟದ ಬೇಲಿಯವರೆಗೆ ಬಂದಿಲ್ಲ. ಐನೂರು, ಸಾವಿರ ಅಡಿ ಕೊರೆದು ಬರಿ ದೂಳು ಎದ್ದಾಗ ಸಾಲ ಮಾತ್ರ ಉಳಿಯುತ್ತದೆ. ಬೇಸಿಗೆಯಲ್ಲಿ ತೋಟ ಉಳಿಸಲು ಟ್ಯಾಂಕರ್ ಲೆಕ್ಕದಲ್ಲಿ ನೀರು ಕೊಳ್ಳಬೇಕು.

ಇಷ್ಟೆಲ್ಲ ಹೇಳಿದರೂ ಬಾಹ್ಯಾಕಾಶವನ್ನು ಪೂರ್ತಿ ನಿರಪರಾಧಿ ಎಂದು ಬಿಡುವಂತಿಲ್ಲ. ಚಳ್ಳಕೆರೆಯ ಕಾವಲಿಗೆ ಹೋಗಿ ನಿಂತವರಿಗೆ ಅದು ಗೊತ್ತು.

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳೇ ಕಾವಲು. ವರವು ಕಾವಲು, ಉಳ್ಳಾರ್ತಿ ಕಾವಲು, ಕುದಾಪುರದ ಸುತ್ತಿನ ಬಯಲು ನೋಡುವವರಿಗೆ ಬೀಳುಭೂಮಿ, ಅಲ್ಲಿಯವರಿಗೆ ಬದುಕು. ಕುರಿ ಮೇಯುವುದು ಅಲ್ಲಿ, ಕುರಿಯಿಂದ ಉಣ್ಣೆ, ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಮೇಯಿಸುವ ಸೀಮೆ ಅದು. ಕೃಷ್ಣಮೃಗ ಅಲ್ಲಿ ಉಳಿದಿರುವುದೂ ಹುಲ್ಲು ಉಳಿದಿದ್ದರಿಂದ. 2007ರಿಂದ ಈಚೆಗೆ ಆ ಬಯಲಿನಲ್ಲಿ ಸಾವಿರಾರು ಎಕರೆಯನ್ನು ಸರ್ಕಾರ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಿತು: ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಇಸ್ರೊಗೆ ಒಂದೊಂದು ಪಾಲು. ಗೋಡೆ ಎದ್ದಾಗಲೇ ಎಷ್ಟೋ ಹಳ್ಳಿಗಳಿಗೆ ತಮ್ಮ ಗೋಮಾಳ ಕೈಬಿಟ್ಟದ್ದು ತಿಳಿಯಿತು. ಹೋರಾಟ ಸಮಿತಿ, ಪರಿಸರವಾದಿಗಳು ಹಸಿರು ನ್ಯಾಯಮಂಡಳಿಗೆ ಹೋದರು. 2014ರ ಆಗಸ್ಟಿನಲ್ಲಿ ತೀರ್ಪು ಬಂತು, ಯೋಜನೆಗಳು ಮುಂದುವರಿದವು. 2017ರ ಮೇ 28ರಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು.

ಆ ಕೇಂದ್ರದ ಓಡುದಾರಿಯ ಮೇಲೆಯೇ 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೊದ ಮರುಬಳಕೆಯ ಉಡಾವಣಾ ವಾಹನ ತಾನಾಗಿ ಬಂದಿಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಯಾರ ಕೈಯೂ ತಾಗದೆ ಅದು ದಾರಿ ಹುಡುಕಿ, ವೇಗ ತಗ್ಗಿಸಿ, ಗೆರೆ ಹಿಡಿದು ನಿಂತಿತು. ಎರಡನೆಯ ಸಲ ಪುಷ್ಪಕ್ ಎಂಬ ಹೆಸರಿನಲ್ಲಿ ಇಳಿದದ್ದು 2024ರ ಮಾರ್ಚ್ 22ರಂದು, ಬೆಳಗ್ಗೆ 7 ಗಂಟೆ 10 ನಿಮಿಷಕ್ಕೆ. ಅದು ವಿಶ್ವ ಜಲದಿನ. ಆ ಬೇಸಿಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಚಿತ್ರದುರ್ಗ ಜಿಲ್ಲೆಯ ಆರೂ ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು. ಗೋಡೆಯ ಹೊರಗೆ ದೇವರ ಎತ್ತುಗಳಿಗೆ ಮೇವು ಹೊಂದಿಸಲು ಜನ ಒದ್ದಾಡುತ್ತಿದ್ದರು. ಪುಷ್ಪಕ್ ಇಳಿದದ್ದು ತಪ್ಪಲ್ಲ. ಆ ಬಯಲನ್ನು ಕೊಡುವ ಮೊದಲು ಬಯಲಿನಲ್ಲಿ ಬದುಕಿದವರನ್ನು ಕೂರಿಸಿಕೊಂಡು ಕೇಳದೇ ಇದ್ದದ್ದು ತಪ್ಪು. ಮೇವಿಗೆ ಬೇರೆ ಜಾಗ ಯಾವುದು ಎಂದು ತೋರಿಸದೆ ಗೋಡೆ ಕಟ್ಟಿದ್ದು ಇನ್ನೂ ದೊಡ್ಡ ತಪ್ಪು. ಈ ಸಾಲ ಇವತ್ತಿಗೂ ತೀರಿಲ್ಲ, ತೀರಿಸಬೇಕಾದವರು ವಿಜ್ಞಾನಿಗಳಿಗಿಂತ ಮೊದಲು ಸರ್ಕಾರದವರು.

ಹಾಗಾದರೆ ಜನರ ಬೆರಗು ಯಾವಾಗಲೂ ಮೇಲಕ್ಕೇ ಏರುತ್ತದೆಯೇ, ಕೆಳಗೆ ಇಳಿಯುವುದೇ ಇಲ್ಲವೇ? ಈ ಸೀಮೆಯ ಅನುಭವ ಬೇರೆ ಹೇಳುತ್ತದೆ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಹಿರಿಯೂರು, ಹೊಸದುರ್ಗದ ಜನ ಗಾಡಿ ಕಟ್ಟಿಕೊಂಡು, ಬಸ್ಸು ಹತ್ತಿ, ಬೈಕಿನಲ್ಲಿ ಮೂವರು ಕೂತು ಕಣಿವೆಗೆ ಹೋದರು. ಜೀವಮಾನದಲ್ಲಿ ಒಮ್ಮೆ ಕಾಣುವುದನ್ನು ಕಾಣಲು ಮುದುಕರನ್ನು ಎತ್ತಿಕೊಂಡು ಬಂದವರಿದ್ದರು. ನೀರು ಕಲ್ಲುಕಟ್ಟಡ ದಾಟಿ ಬೀಳುವುದನ್ನು ನೋಡುತ್ತ ಕೈ ಮುಗಿದರು. ಚಂದ್ರಯಾನದ ಸಂಜೆಯ ಸಂಭ್ರಮಕ್ಕೂ ಇದಕ್ಕೂ ಎಷ್ಟು ದೂರ?

ಸಿರಿಗೆರೆಯಲ್ಲಂತೂ ಚಂದ್ರ ಮತ್ತು ಕೆರೆ ಎರಡೂ ಹೊಸ ಮಾತಲ್ಲ. ಊರಿನ ಹೆಸರಿನಲ್ಲೇ ಕೆರೆ ಇದೆ. ಇಲ್ಲಿನ ತರಳಬಾಳು ಜಗದ್ಗುರು ಬೃಹನ್ಮಠದ ದೊಡ್ಡ ಹಬ್ಬ ಮಾಘ ಮಾಸದ ಹುಣ್ಣಿಮೆಯದ್ದು. ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರ ಕಾಲದಲ್ಲಿ 1950ರಲ್ಲಿ ಜಗಳೂರಿನಲ್ಲಿ ಶುರುವಾದ ತರಳಬಾಳು ಹುಣ್ಣಿಮೆ ಊರಿಂದೂರಿಗೆ ಸಾಗುತ್ತ ಬಂದಿದೆ. ಈಗಿನ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಸೂತ್ರಗಳಿಗೆ ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶ ರೂಪಿಸಿದವರು, ಕಂಪ್ಯೂಟರಿನ ಒಳಹೊರಗು ಬಲ್ಲವರು. ಅದೇ ಮಠ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಎತ್ತಿ ತಂದು ಭರಮಸಾಗರ ಮತ್ತು ಜಗಳೂರು ಭಾಗದ ಕೆರೆಗಳನ್ನು ತುಂಬಿಸುವ ಯೋಜನೆಯ ಬೆನ್ನು ಹತ್ತಿತು. ಕೆಲಸ ಎಲ್ಲಿಗೆ ಬಂತು, ಪೈಪು ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ಎಂಜಿನಿಯರುಗಳನ್ನು ಕೂರಿಸಿಕೊಂಡು ಮತ್ತೆ ಮತ್ತೆ ವಿಚಾರಿಸಲಾಯಿತು. ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಹೊತ್ತ, ವರ್ಷಾನುಗಟ್ಟಲೆ ಒಣಗಿ ಬಿದ್ದಿದ್ದ ಭರಮಸಾಗರದ ದೊಡ್ಡ ಕೆರೆಗೆ ಕೆಲವೇ ವರ್ಷಗಳ ಹಿಂದೆ ಹೊಳೆಯ ನೀರು ಬಂದಾಗ ಏರಿಯ ಮೇಲೆ ಜನ ಸೇರಿದರು. ಅಲ್ಲಿ ಪವಾಡವೇನೂ ನಡೆಯಲಿಲ್ಲ. ಒಂದು ಕೆಲಸಕ್ಕೆ ಕೇಳುವವರಿದ್ದರು, ಅವರು ಬಿಡದೆ ಕೇಳಿದರು.

ಎತ್ತಿ ತಂದ ನೀರಿಗೆ ಅದರದೇ ಮಿತಿಗಳಿವೆ. ಹೊಳೆ ತುಂಬಿ ಹರಿಯುವ ತಿಂಗಳುಗಳಲ್ಲೇ ಪಂಪು ಓಡಬೇಕು, ಕರೆಂಟಿನ ಬಿಲ್ಲು ಯಾರೋ ಕಟ್ಟಬೇಕು, ಕೆರೆಯ ಹೂಳು ತೆಗೆಯದಿದ್ದರೆ ತಂದ ನೀರಿಗೆ ಜಾಗವಿಲ್ಲ. ಪೂಜ್ಯರೊಬ್ಬರು ಬೆನ್ನು ಹತ್ತದ ಊರುಗಳ ಗತಿಯೇನು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಕವಾಡಿಗರಹಟ್ಟಿಗೆ ಅಂಥ ದನಿ ಇರಲಿಲ್ಲ. ದನಿ ಇದ್ದವರಿಗೆ ಮಾತ್ರ ನೀರು ಎಂದಾದರೆ ಅದು ಹಕ್ಕಾಗುವುದಿಲ್ಲ, ದಯೆಯಾಗುತ್ತದೆ.

ಚಿತ್ರದುರ್ಗದ ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೊಂದು ಸಣ್ಣ ಶಾಸನವಿದೆ. ಹೆಸರಿನಲ್ಲಿ ಚಂದ್ರ ಇರುವ ಆ ಜಾಗದಲ್ಲಿ, ನಾಲ್ಕನೇ ಶತಮಾನದಲ್ಲಿ ಕದಂಬರ ಮಯೂರಶರ್ಮ ಬರೆಸಿದ್ದು ಒಂದು ಕೆರೆಯ ಸುದ್ದಿಯನ್ನು. ರಾಜ್ಯ ಕಟ್ಟಿದವನಿಗೆ ಕಲ್ಲಿನ ಮೇಲೆ ಉಳಿಸಬೇಕೆನಿಸಿದ ಕೆಲಸ ಅದು. ಮೇಲಿನ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿಳಿದು ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಸಾಗುವಂತೆ ಕಟ್ಟಿದವರೂ ಇದೇ ಊರಿನವರು. ಬಿದ್ದ ಮಳೆಯ ಪ್ರತಿ ಹನಿ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದ ಊರಿಗೆ, ಇವತ್ತು ತನ್ನ ನಲ್ಲಿಯ ನೀರು ಎಲ್ಲಿಂದ ಬರುತ್ತದೆ, ಅದರಲ್ಲಿ ಏನಿದೆ ಎಂದು ಗೊತ್ತಿಲ್ಲ. ಶಾಂತಿಸಾಗರದಿಂದ, ವಾಣಿವಿಲಾಸದಿಂದ ಹತ್ತಾರು ಮೈಲಿ ದಾಟಿ ಬರುವ ಪೈಪು ಯಾವ ಚರಂಡಿಯ ಪಕ್ಕ ಹಾದುಬಂದಿದೆ ಎಂದು ಕೇಳುವವರೂ ಕಡಿಮೆ.

ಆಗಸ್ಟ್ 23 ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಸಿರಿಗೆರೆಯ, ಭರಮಸಾಗರದ, ಹೊಳಲ್ಕೆರೆಯ ಶಾಲೆಗಳಲ್ಲಿ ಮಕ್ಕಳು ರಟ್ಟಿನಲ್ಲಿ ಲ್ಯಾಂಡರ್ ಮಾಡಿ ತರುತ್ತಾರೆ, ಚಿತ್ರ ಬರೆಯುತ್ತಾರೆ, ಭಾಷಣ ಮಾಡುತ್ತಾರೆ. ಅದೆಲ್ಲ ನಡೆಯಲಿ, ಇನ್ನೂ ಜೋರಾಗಿ ನಡೆಯಲಿ. ಅದೇ ದಿನ, ಅದೇ ಮಕ್ಕಳ ಕೈಯಲ್ಲಿ ಶಾಲೆಯ ನಲ್ಲಿಯ ನೀರಿನ ಪರೀಕ್ಷೆಯೂ ಆಗಬೇಕು. ಅದಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಡ. ಜಲಜೀವನ್ ಮಿಷನ್ನಿನ ನಿಯಮದಂತೆ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಬೇಕು, ಕಿಟ್ ಕೊಡಬೇಕು. ಆ ಕಿಟ್ಟಿನಲ್ಲಿ ಫ್ಲೋರೈಡ್, ನೈಟ್ರೇಟ್, ಉಳಿದ ಕ್ಲೋರಿನ್ ಎಲ್ಲವನ್ನೂ ನೋಡಬಹುದು. ನಿಮ್ಮ ಊರಿನ ಆ ಐವರು ಯಾರು ಎಂದು ಪಂಚಾಯಿತಿಯಲ್ಲಿ ಕೇಳಿ. ಅವರನ್ನು ಶಾಲೆಗೆ ಕರೆಸಿ, ಮಕ್ಕಳ ಮುಂದೆ ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ತಾರೀಖಿನ ಸಮೇತ ಕಪ್ಪುಹಲಗೆಯ ಮೇಲೆ ಬರೆಸಿ. ಫ್ಲೋರೈಡ್ 1.5 ದಾಟಿದ್ದರೆ ಆ ನೀರನ್ನು ಮಕ್ಕಳಿಗೆ ಕುಡಿಸುವುದನ್ನು ನಿಲ್ಲಿಸಿ, ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರುವವರೆಗೆ ಮತ್ತೆ ಬರೆಯಿರಿ.